ಫ್ರೆಶರ್‌ಗಳಿಗೆ ತರಬೇತಿ: ಹುಬ್ಬಳ್ಳಿ-ಧಾರವಾಡದ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಯಾವ ದಾರಿ ಸರಿ?

ಕಂಪನಿಯಲ್ಲಿ 25 ಜನ. ಅವರಲ್ಲಿ ಕೋಡ್ ಮೇಲೆ ಪೂರ್ತಿ ಹಿಡಿತ ಇರುವವರು ಮೂವರು. ಜುಲೈಗೆ ಐವರು ಫ್ರೆಶರ್‌ಗಳು ಸೇರುತ್ತಾರೆ, ಅಕ್ಟೋಬರ್‌ಗೆ ಅವರ ಕೈಗೆ ಕ್ಲೈಂಟ್ ಕೆಲಸ ಕೊಡಬೇಕು. ಸೀನಿಯರ್‌ಗಳೇ ಕಲಿಸಲಿ ಎಂದರೆ ಅವರ ಡೆಲಿವರಿ ತಪ್ಪುತ್ತದೆ. ಹೊರಗಿನ ಟ್ರೇನರ್ ಕರೆಸೋಣ ಎಂದರೆ ರೊಕ್ಕದ ಯೋಚನೆ. ಆನ್‌ಲೈನ್ ಕೋರ್ಸ್ ಕೊಡಿಸಿದರೆ ಯಾರೂ ಮುಗಿಸುವುದಿಲ್ಲವೆಂಬ ಅನುಮಾನ. ಏರ್‌ಪೋರ್ಟ್ ರಸ್ತೆಯ ಸ್ಟಾರ್ಟಪ್‌ಗಳಿಂದ ಹಿಡಿದು ಐಟಿ ಪಾರ್ಕಿನ ಹಳೆಯ ಸರ್ವಿಸ್ ಕಂಪನಿಗಳವರೆಗೆ ಬಹಳ ಮಂದಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಮೈಸೂರಿನಲ್ಲಿ ದೊಡ್ಡ ಕ್ಯಾಂಪಸ್ ಕಟ್ಟಿ ಸಾವಿರಾರು ಜನರಿಗೆ ಒಟ್ಟಿಗೆ ಕಲಿಸುವ ಇನ್ಫೋಸಿಸ್ ಮಾದರಿಯನ್ನು ಐದು ಜನರ ಬ್ಯಾಚಿಗೆ ತಂದು ಕೂರಿಸಲು ಆಗುವುದಿಲ್ಲ. ಸಣ್ಣ ಕಂಪನಿಯ ಲೆಕ್ಕವೇ ಬೇರೆ.

ದಾರಿಗಳನ್ನು ತೂಗುವ ಮೊದಲು ತಕ್ಕಡಿ ಯಾವುದು ಎಂದು ಗೊತ್ತಿರಬೇಕು.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು, ಕೊರತೆ ಎಲ್ಲಿದೆ ಎಂಬುದು. ಬುನಾದಿಯೇ ಸಡಿಲವೋ (ಡೇಟಾಬೇಸ್‌ನ ಎರಡು ಟೇಬಲ್ ಜೋಡಿಸುವ ಎಸ್‌ಕ್ಯೂಎಲ್ ಜಾಯಿನ್ ಬರೆಯಲು ಬರುವುದಿಲ್ಲ, ಬ್ರೌಸರ್ ಮತ್ತು ಸರ್ವರ್ ಮಾತಾಡುವ ಎಚ್‌ಟಿಟಿಪಿ ಎಂದರೇನು ಗೊತ್ತಿಲ್ಲ), ಒಂದು ನಿರ್ದಿಷ್ಟ ಟೂಲ್ ಬರುವುದಿಲ್ಲವೋ (ರಿಯಾಕ್ಟ್, ಡಾಕರ್), ಅಥವಾ ಎಲ್ಲ ಗೊತ್ತಿದ್ದೂ ನಿಮ್ಮ ಪ್ರಾಜೆಕ್ಟ್‌ನ ಒಳಗುಟ್ಟು ತಿಳಿದಿಲ್ಲವೋ? ಈ ಮೂರಕ್ಕೆ ಮದ್ದು ಒಂದೇ ಅಲ್ಲ. ಪತ್ತೆ ಹಚ್ಚುವುದು ಸುಲಭ: ಸೇರಿದ ದಿನವೇ 90 ನಿಮಿಷದ ಒಂದು ಕೆಲಸ ಕೊಡಿ. ಎರಡು ಟೇಬಲ್ ಇರುವ ಡೇಟಾಬೇಸ್, ಅದರಿಂದ ಒಂದು ಪಟ್ಟಿ ತೋರಿಸುವ ಪುಟ, ಬೇಕೆಂದೇ ಇಟ್ಟ ಎರಡು ತಪ್ಪುಗಳು. ತಪ್ಪು ಹುಡುಕಲು ಅವರು ಮೊದಲು ಲಾಗ್ (ಪ್ರೋಗ್ರಾಂ ತಾನೇ ಬರೆದಿಡುವ ದಾಖಲೆ) ತೆರೆಯುತ್ತಾರೋ, ಕೋಡ್ ತಿದ್ದತೊಡಗುತ್ತಾರೋ ಎಂಬುದೊಂದೇ ಅರ್ಧ ಉತ್ತರ ಹೇಳುತ್ತದೆ.

ಎರಡನೆಯದು, ಸೀನಿಯರ್‌ಗಳ ತಾಸುಗಳು. ಈ ಭಾಗದ ಕಂಪನಿಗಳಲ್ಲಿ ಎಲ್ಲಕ್ಕಿಂತ ದುರ್ಲಭವಾದದ್ದು ಇದೇ, ಬಜೆಟ್ ಹಾಕುವಾಗ ಎಲ್ಲರೂ ಮರೆಯುವುದೂ ಇದನ್ನೇ. ಮೂರನೆಯದು ಗಡುವು: ಅವರು ಯಾವಾಗ ಕೈಗೆ ಬರಬೇಕು? ನಾಲ್ಕನೆಯದು, ಕಲಿತವರು ಬೆಂಗಳೂರಿಗೆ ಹೊರಟರೆ ಕಂಪನಿಯಲ್ಲಿ ಏನು ಉಳಿಯುತ್ತದೆ ಎಂಬುದು. ನಗದು ಖರ್ಚು ಇವೆಲ್ಲದರ ನಂತರ ಬರುತ್ತದೆ. ಅದು ಹೇಗೆ ಎಂದು ಒಂದು ಲೆಕ್ಕ ಹಾಕಿಯೇ ನೋಡೋಣ.

ಐವರಿಗೆ ತಿಂಗಳಿಗೆ ತಲಾ 15,000 ರೂ. ಸ್ಟೈಪೆಂಡ್ ಕೊಡುತ್ತೀರಿ ಎಂದಿಟ್ಟುಕೊಳ್ಳಿ. ಮೂರು ತಿಂಗಳಿಗೆ 2,25,000 ಆಯಿತು. ಸೀನಿಯರ್ ಸಂಬಳ 80,000 ಇದ್ದರೆ, ತಿಂಗಳಿಗೆ 22 ದಿನ, ದಿನಕ್ಕೆ 8 ತಾಸಿನಂತೆ ಒಂದು ತಾಸಿಗೆ ಸುಮಾರು 455 ರೂ. ಬೀಳುತ್ತದೆ. ದಿನಕ್ಕೆ 2 ತಾಸು, ವಾರಕ್ಕೆ 5 ದಿನ, 12 ವಾರ: ಒಬ್ಬ ಸೀನಿಯರ್‌ಗೆ 120 ತಾಸು, ಹತ್ತಿರಹತ್ತಿರ 54,600. ಹೊರಗಿನ ಟ್ರೇನರ್ ದಿನಕ್ಕೆ 15,000 ಕೇಳಿ ಐದು ದಿನ ಬಂದರೆ 75,000, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 88,500. ಸ್ಟೈಪೆಂಡ್ ಮಾತ್ರ ನೀವು ಯಾವ ದಾರಿ ಹಿಡಿದರೂ ಹೋಗುವ ಹಣ. ಹಾಗಾಗಿ ಐದು ಜನ ಒಂದು ತಿಂಗಳು ತಡವಾಗಿ ಕೈಗೆ ಬಂದರೆ ಹೆಚ್ಚುವರಿ 75,000 ಕರಗುತ್ತದೆ, ಅಂದರೆ ಟ್ರೇನರ್ ಫೀಯಷ್ಟೇ. ಫೀ ಉಳಿಸಲು ಹೋಗಿ ತಿಂಗಳು ಕಳೆದುಕೊಂಡರೆ ಉಳಿತಾಯ ಆಗಲಿಲ್ಲ. ನಿಮ್ಮ ಸಂಖ್ಯೆಗಳನ್ನು ಹಾಕಿ ಇದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ನಿರ್ಧಾರದ ಅರ್ಧ ಅಲ್ಲೇ ಆಗುತ್ತದೆ.

ಒಳಗಿನ ಸೀನಿಯರ್ ಕಲಿಸುವುದು

ಬೇರೆ ಯಾವುದನ್ನು ಆರಿಸಿದರೂ ಇದರ ಒಂದು ಪಾಲು ಇದ್ದೇ ಇರಬೇಕು, ಏಕೆಂದರೆ ಫ್ರೆಶರ್ ಬರೆದ ಕೋಡನ್ನು ನಿಮ್ಮ ಪ್ರಾಜೆಕ್ಟ್ ಬಲ್ಲವರೊಬ್ಬರು ಕೂತು ಓದದೇ ಇದ್ದರೆ ಉಳಿದ ಯಾವ ಕಲಿಕೆಯೂ ಕೈಗೆ ಇಳಿಯುವುದಿಲ್ಲ. ಒಂದು ಟಿಕೆಟ್ (ದೂರು ಅಥವಾ ಕೆಲಸದ ದಾಖಲೆ) ಉದಾಹರಣೆ ನೋಡಿ.

ಇನ್‌ವಾಯ್ಸ್ ಮೇಲೆ ತಾರೀಖು ಒಂದು ದಿನ ಹಿಂದೆ ಬರುತ್ತಿದೆ ಎಂದು ಕ್ಲೈಂಟ್ ದೂರು. ಫ್ರೆಶರ್ ಬಂದು ಹೇಳುತ್ತಾನೆ, "ಸರ, ನನ್ನ ಮಷೀನ್‌ನ್ಯಾಗ ಬರೋಬ್ಬರಿ ಐತ್ರಿ. ಸರ್ವರ್‌ನ್ಯಾಗ ಅಷ್ಟ ಒಂದ್ ದಿನಾ ಹಿಂದ ತೋರಸಾಕತ್ತೈತಿ." ಅವನ ಪರಿಹಾರ: ಆ ಪುಟದಲ್ಲಿ ಸಮಯಕ್ಕೆ ಐದೂವರೆ ತಾಸು ಕೂಡಿಸುವುದು. ಪುಟ ಸರಿಹೋಗುತ್ತದೆ, ಟಿಕೆಟ್ ಮುಚ್ಚುತ್ತದೆ. ಆದರೆ ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಹುಟ್ಟಿದ ಇನ್‌ವಾಯ್ಸ್ ಯುಟಿಸಿಯಲ್ಲಿ (ಭಾರತಕ್ಕಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯ) ಮಾರ್ಚ್ 31ರ ರಾತ್ರಿ 8:30 ಎಂದು ಕೂತಿರುತ್ತದೆ. ರಿಪೋರ್ಟ್ ನೇರ ಡೇಟಾಬೇಸ್‌ನಿಂದ ಓದಿದರೆ ಆ ವ್ಯವಹಾರ ಹಿಂದಿನ ಆರ್ಥಿಕ ವರ್ಷಕ್ಕೆ ಸೇರಿಹೋಯಿತು. ಪಿಡಿಎಫ್ ಮಾಡುವ ಕೋಡ್ ಈಗಾಗಲೇ ಐಎಸ್‌ಟಿಗೆ (ಭಾರತೀಯ ಸಮಯ) ತಿರುಗಿಸುತ್ತಿದ್ದು, ಅದಕ್ಕೂ ಇದೇ ತಿದ್ದುಪಡಿ ತಗುಲಿದರೆ ಎರಡು ಸಲ ಕೂಡಿ ಯುಟಿಸಿಗಿಂತ 11 ತಾಸು, ಅಂದರೆ ನಿಜವಾದ ಸಮಯಕ್ಕಿಂತ ಐದೂವರೆ ತಾಸು ಮುಂದೆ. ಒಳ್ಳೆಯ ಸೀನಿಯರ್ ಇಲ್ಲಿ ಕೀಬೋರ್ಡ್ ಕಿತ್ತುಕೊಳ್ಳುವುದಿಲ್ಲ. "ಟೈಮು ಡೇಟಾಬೇಸ್‌ನ್ಯಾಗ ಹೆಂಗ ಕೂತೈತಿ ನೋಡಿಯೇನು? ಅದನ್ನ ಐಎಸ್‌ಟಿಗೆ ತಿರುಗಸೂದು ಎಲ್ಲಿ, ಎಷ್ಟ ಕಡೆ?" ಎಂದು ಕೇಳಿ ಅವನನ್ನೇ ಹುಡುಕಲು ಬಿಡುತ್ತಾನೆ. ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನದಲ್ಲಿ ಕಲಿತದ್ದು ಹತ್ತು ತಾಸಿನ ವಿಡಿಯೋದಲ್ಲೂ ಸಿಗುವುದಿಲ್ಲ.

ಈ ದಾರಿ ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ: ಸೀನಿಯರ್‌ಗೆ ಕಲಿಸುವ ಹೊಣೆ ಕೊಡುತ್ತಾರೆ, ಅವರ ಕೆಲಸ ಮಾತ್ರ ಕಡಿಮೆ ಮಾಡುವುದಿಲ್ಲ. ದಿನಕ್ಕೆ 2 ತಾಸು ಕಲಿಸಲಿ ಎಂದರೆ ಅವರ ಸ್ಪ್ರಿಂಟ್‌ನ (ಒಂದೆರಡು ವಾರದ ಕೆಲಸದ ಕಂತು) ಕಾಲು ಭಾಗ ಕೆಲಸ ಇಳಿಸಬೇಕು, ಕ್ಲೈಂಟ್‌ಗೂ ಅದರಂತೆ ತಾರೀಖು ಹೇಳಬೇಕು. ಇಲ್ಲದಿದ್ದರೆ ಮೂರನೇ ವಾರಕ್ಕೆ ರಿವ್ಯೂ ನಿಲ್ಲುತ್ತದೆ, ಫ್ರೆಶರ್ ಪುಲ್ ರಿಕ್ವೆಸ್ಟ್ (ತನ್ನ ಕೋಡ್ ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿ ಎರಡು ದಿನ ಕಾಯುತ್ತಾನೆ, ಆಮೇಲೆ ಯಾರೋ ಓದದೆ ಮರ್ಜ್ ಮಾಡುತ್ತಾರೆ, ಅಂದರೆ ಮುಖ್ಯ ಕೋಡ್‌ಗೆ ಸೇರಿಸಿಬಿಡುತ್ತಾರೆ. ಒಬ್ಬ ಸೀನಿಯರ್‌ಗೆ ಮೂವರಿಗಿಂತ ಹೆಚ್ಚು ಬೇಡ. ಪುಲ್ ರಿಕ್ವೆಸ್ಟ್ 200 ಸಾಲು ದಾಟದಿರಲಿ. ಕೆಲಸದ 4 ತಾಸಿನೊಳಗೆ ಉತ್ತರ ಹೋಗಲಿ, "ನಾಳೆ ನೋಡ್ತೀನಿ" ಎಂಬ ಉತ್ತರವಾದರೂ ಸರಿ.

ಟಿಕೆಟ್‌ಗಳನ್ನು ಮೆಟ್ಟಿಲಿನಂತೆ ಜೋಡಿಸಿ. ಮೊದಲ ವಾರ ಮಷೀನ್ ಸೆಟಪ್ ಮಾಡುವುದು, ಸೆಟಪ್ ದಾಖಲೆಯಲ್ಲಿ ತಪ್ಪಿದ್ದಲ್ಲಿ ತಿದ್ದುವುದು. ಆ ತಿದ್ದುಪಡಿಯೇ ಅವರ ಮೊದಲ ಪುಲ್ ರಿಕ್ವೆಸ್ಟ್ ಆಗಲಿ, ಮುಂದಿನ ಬ್ಯಾಚಿಗೆ ಅದು ಆಸ್ತಿ. ಎರಡು-ಮೂರನೇ ವಾರ ಒಂದೆರಡು ಸಾಲಿನ ತಿದ್ದುಪಡಿಗಳು, ನಾಲ್ಕರಿಂದ ನಿಜವಾದ ಬಗ್, ಎಂಟರಿಂದ ಟೆಸ್ಟ್ ಸಮೇತ ಒಂದು ಸಣ್ಣ ಫೀಚರ್, ಹನ್ನೆರಡಕ್ಕೆ ಸಪೋರ್ಟ್ ಪಾಳಿಯಲ್ಲಿ ಒಬ್ಬ ಸೀನಿಯರ್ ಜೊತೆ.

ಎಐ ಸಹಾಯಕಗಳ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ಟಿಕೆಟ್‌ನ ಪಠ್ಯವನ್ನು ಅಂಟಿಸಿ, ಬಂದ ಕೋಡನ್ನು ಹಾಗೇ ಹಾಕುವ ಫ್ರೆಶರ್ ವೇಗವಾಗಿ ಕಾಣುತ್ತಾರೆ, ಆದರೆ ಮೇಲಿನ ತಾರೀಖಿನ ಬಗ್‌ನಂಥದು ಬಂದಾಗ ಎಲ್ಲಿಂದ ಹಿಡಿಯಬೇಕೆಂದು ತಿಳಿಯುವುದಿಲ್ಲ. ನಿಷೇಧ ಬೇಡ, ನಿಲ್ಲುವುದೂ ಇಲ್ಲ. ರಿವ್ಯೂನಲ್ಲಿ ಯಾವ ಸಾಲಿಗೆ ಬೆರಳಿಟ್ಟರೂ ಅದು ಏಕೆ ಇದೆ ಎಂದು ಬಾಯಿಂದ ಹೇಳಬೇಕು, ಬರದಿದ್ದರೆ ಮರ್ಜ್ ಇಲ್ಲ. ಇಷ್ಟೇ ನಿಯಮ ಸಾಕು. ಕ್ಲೈಂಟ್ ಕೋಡ್ ಹೊರಗಿನ ಸೇವೆಗೆ ಹೋಗಬಹುದೇ ಎಂಬುದನ್ನು ಒಪ್ಪಂದ ನೋಡಿ ಮೊದಲ ದಿನವೇ ಹೇಳಿಬಿಡಿ.

ಆನ್‌ಲೈನ್ ಕೋರ್ಸ್‌ಗಳು

ಇಲ್ಲಿ ಎರಡು ಜಾತಿ. ಯೂಡೆಮಿ, ಕೋರ್ಸೆರಾದಂಥ ಚಂದಾ ಸೇವೆಗಳು ಒಂದು ಕಡೆ, ಎನ್‌ಪಿಟಿಇಎಲ್ ಮತ್ತು ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್‌ನಂಥ ಉಚಿತವಾದವು ಇನ್ನೊಂದು ಕಡೆ.

ಬುನಾದಿ ಸಡಿಲವಿದ್ದರೆ ಎನ್‌ಪಿಟಿಇಎಲ್‌ಗೆ ನನ್ನ ಮೊದಲ ಮತ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಶುರುಮಾಡಿದ್ದು. ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಅಲ್ಗಾರಿದಮ್ ಎಲ್ಲವೂ ಇವೆ. ನೋಡಲು ಹಣವಿಲ್ಲ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ. 4, 8, 12 ವಾರದ ಕೋರ್ಸ್‌ಗಳಿಗೆ ವಾರವಾರ ಅಸೈನ್‌ಮೆಂಟ್, ಅದಕ್ಕೆ ಗಡುವು, ಕೊನೆಗೆ ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆ. ಅಸೈನ್‌ಮೆಂಟಿಗೆ ಶೇ. 25, ಪರೀಕ್ಷೆಗೆ ಶೇ. 75 ಅಂಕ. ಗಡುವು ಇರುವುದರಿಂದ ಇವು ಮುಗಿಯುವ ಸಾಧ್ಯತೆ ಹೆಚ್ಚು. ತೊಡಕು ಎಂದರೆ ಹೊಸ ಸರಣಿ ಜನವರಿ ಮತ್ತು ಜುಲೈಗೆ ಶುರು. ನಿಮ್ಮ ಬ್ಯಾಚ್ ಅಕ್ಟೋಬರ್‌ಗೆ ಸೇರಿದರೆ ಹಳೆಯ ವಿಡಿಯೋ ಸಿಗುತ್ತದೆ, ಗಡುವಿನ ಒತ್ತಡ ಸಿಗುವುದಿಲ್ಲ. ಈ ವರ್ಷ ಬಂದ ಫ್ರೇಮ್‌ವರ್ಕ್‌ನ ಹೊಸ ಆವೃತ್ತಿಯನ್ನು ಅಲ್ಲಿ ಹುಡುಕಬೇಡಿ.

ಅದಕ್ಕೆ ಚಂದಾ ಸೇವೆ ಬೇಕು. ಟೂಲ್ ಕಲಿಯಲು ಚೆನ್ನ, ಎಲ್ಲಿಯೂ ಯಾವಾಗಲೂ ನೋಡಬಹುದು, ಆ ಕಾರಣಕ್ಕೇ ಯಾರೂ ನೋಡುವುದಿಲ್ಲ. "ಮನೆಗೆ ಹೋಗಿ ನೋಡಿಕೊಳ್ಳಿ" ಎಂದ ಕೋರ್ಸ್ ಮುಗಿದದ್ದು ಅಪರೂಪ. ಮಂಗಳವಾರ, ಗುರುವಾರ ಬೆಳಿಗ್ಗೆ 9:30ರಿಂದ 11ರವರೆಗೆ ಕಚೇರಿ ಸಮಯದಲ್ಲೇ ಕೂರಿಸಿ. ಪ್ರಮಾಣಪತ್ರ ಕೇಳಬೇಡಿ, ಕಲಿತದ್ದನ್ನು ಬಳಸಿದ ಒಂದು ಪುಲ್ ರಿಕ್ವೆಸ್ಟ್ ಕೇಳಿ. ಲೈಸೆನ್ಸ್ ಕೊಳ್ಳುವಾಗ 25 ಜನರಿಗೂ ಬೇಡ, ಈ ತ್ರೈಮಾಸಿಕದಲ್ಲಿ ನಿಜಕ್ಕೂ ಕಲಿಯುವವರಿಗೆ ಮಾತ್ರ. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ ಆ ಸೀಟು ವರ್ಗಾಯಿಸಲು ಬರುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ.

ಹೊರಗಿನ ಟ್ರೇನರ್

ಇಡೀ ತಂಡ ಒಟ್ಟಿಗೆ ಹೊಸ ತಂತ್ರಜ್ಞಾನಕ್ಕೆ ಹೊರಳುವಾಗ, ಒಳಗೆ ಅದು ಯಾರಿಗೂ ಬರದಿದ್ದಾಗ, ಇದು ಬಹಳ ಬೆಲೆಯುಳ್ಳದ್ದು. ಉದಾಹರಣೆಗೆ ಹಳೆಯ ಪಿಎಚ್‌ಪಿ ಕೆಲಸದಿಂದ ಕ್ಲೌಡ್‌ಗೆ ಹೋಗುವುದು. ಐದು ಫ್ರೆಶರ್‌ಗಳಿಗೆ ಜಾವಾ ಹೇಳಿಕೊಡಲು ಟ್ರೇನರ್ ಕರೆಸುವುದು ಮಾತ್ರ ಸಾಮಾನ್ಯವಾಗಿ ವ್ಯರ್ಥ. ಕಾಲೇಜಿನಲ್ಲಿ ಕೇಳಿದ್ದನ್ನೇ ಇನ್ನೊಮ್ಮೆ ಕೇಳುತ್ತಾರೆ.

ಒಪ್ಪುವ ಮೊದಲು ನಿಮ್ಮ ಸೀನಿಯರ್ ಎದುರು ಒಂದು ತಾಸಿನ ಡೆಮೋ ಕ್ಲಾಸ್ ತೆಗೆದುಕೊಳ್ಳಿ. ಸ್ಲೈಡ್ ಮುಚ್ಚಿ, "ಇದು ಕೆಟ್ಟರೆ ಹೇಗೆ ಹುಡುಕುತ್ತೀರಿ?" ಎಂದು ಕೇಳಿ. ದಿನಕ್ಕೆ 7 ತಾಸಿನಂತೆ ಐದು ದಿನ ಕೂರಿಸುವುದಕ್ಕಿಂತ ಎರಡು ವಾರ ದಿನಕ್ಕೆ ಮೂರೂವರೆ ತಾಸು ಒಳ್ಳೆಯದು. ತಾಸು ಅಷ್ಟೇ, ಕಲಿತದ್ದು ಮರುದಿನ ಮತ್ತೆ ಕೈಗೆ ಬರುತ್ತದೆ, ಕ್ಲೈಂಟ್ ಕೆಲಸವೂ ನಿಲ್ಲುವುದಿಲ್ಲ. ಬೆಂಗಳೂರಿನಿಂದ ಬರುವವರಾದರೆ ಹತ್ತು ದಿನದ ವಸತಿ ಲೆಕ್ಕ ಬೇರೆ. ಆಗ ಮೊದಲ ಎರಡು ಮತ್ತು ಕೊನೆಯ ಒಂದು ದಿನ ಎದುರಿಗೆ, ನಡುವಿನದು ಆನ್‌ಲೈನ್ ಎಂದು ಮಾತಾಡಿಕೊಳ್ಳಿ.

ಮೊದಲ ದಿನದ ಅರ್ಧ ಹಾಳಾಗುವುದು ಸಾಫ್ಟ್‌ವೇರ್ ಹಾಕಿಕೊಳ್ಳುವುದರಲ್ಲಿ. ಐದು ಲ್ಯಾಪ್‌ಟಾಪ್, ಐದು ಬಗೆಯ ಆವೃತ್ತಿ, ಒಂದೇ ವೈಫೈ ಮೇಲೆ ಎಲ್ಲರ ಡೌನ್‌ಲೋಡ್. ಎರಡು ದಿನ ಮೊದಲೇ ಟ್ರೇನರ್‌ನಿಂದ ಆವೃತ್ತಿಗಳ ಪಟ್ಟಿ ತರಿಸಿ ಹಾಕಿಸಿಟ್ಟಿರಿ. ನಿಮ್ಮದೇ ಪ್ರಾಜೆಕ್ಟ್‌ನ ಒಂದು ತುಣುಕನ್ನು, ಪಾಸ್‌ವರ್ಡ್ ಮತ್ತು ಗ್ರಾಹಕರ ಮಾಹಿತಿ ತೆಗೆದು, ಅಭ್ಯಾಸಕ್ಕೆ ಕೊಡಿ. ಫೀಯಲ್ಲಿ ಶೇ. 30 ತಡೆದಿಟ್ಟು ನಾಲ್ಕು ವಾರದ ನಂತರದ ಎರಡು ತಾಸಿನ ಸಂದೇಹ ಪರಿಹಾರ ತರಗತಿ ಆದಮೇಲೆ ಕೊಡುವುದಾಗಿ ಬರೆಸಿಕೊಳ್ಳಿ. ನಿಜವಾದ ಪ್ರಶ್ನೆಗಳು ಹುಟ್ಟುವುದೇ ಆಗ. ಜಿಎಸ್‌ಟಿ ನೋಂದಣಿ ಇರುವ ಕಂಪನಿಯಾದರೆ ಆ ಶೇ. 18 ಇನ್‌ಪುಟ್ ಕ್ರೆಡಿಟ್ ಆಗಿ ಬರುತ್ತದೆಯೇ, ಟಿಡಿಎಸ್ ಎಷ್ಟು ಕಡಿಯಬೇಕು ಎಂದು ಆಡಿಟರ್‌ಗೆ ಮೊದಲೇ ಕೇಳಿಬಿಡಿ.

ಅಪ್ರೆಂಟಿಸ್ ಮತ್ತು ಇಂಟರ್ನ್

ಇವು ಕಲಿಸುವ ವಿಧಾನಗಳಲ್ಲ, ಕಲಿಕೆಯ ಕಾಲಕ್ಕೆ ಹಣ ಹೊಂದಿಸುವ ದಾರಿಗಳು. ಸಣ್ಣ ಬಜೆಟ್‌ಗೆ ಬಹಳ ಉಪಯೋಗ, ಆದರೂ ನಮ್ಮ ಕಡೆ ಕಡಿಮೆ ಬಳಕೆ.

ಕೇಂದ್ರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ) ಯೋಜನೆಯಲ್ಲಿ ಪದವಿ ಅಥವಾ ಡಿಪ್ಲೊಮಾ ಮುಗಿಸಿದವರನ್ನು ಅಪ್ರೆಂಟಿಸ್ ಆಗಿ ಒಂದು ವರ್ಷ ಇಟ್ಟುಕೊಳ್ಳಬಹುದು. ನಿಗದಿಯಾದ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಕೇಂದ್ರ ಭರಿಸುತ್ತದೆ. ಪದವೀಧರರಿಗೆ ಬಹುಕಾಲ ಕನಿಷ್ಠ 9,000 ಇತ್ತು, ಅದರ ಅರ್ಧ 4,500. ಆ ದರದಲ್ಲೇ ಐವರಿಗೆ ವರ್ಷಕ್ಕೆ 2,70,000 ರೂ. ಹೊರೆ ಇಳಿಯುತ್ತದೆ. ದರ ಬದಲಾಗುತ್ತಿರುತ್ತದೆ, ನೋಂದಣಿ ದಿನದ ದರವನ್ನು ಪೋರ್ಟಲ್‌ನಲ್ಲೇ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, 4ರಿಂದ 29 ಜನರಿದ್ದರೆ ಅದು ಐಚ್ಛಿಕ. ಇದನ್ನು ನೋಡಿಕೊಳ್ಳುವ ದಕ್ಷಿಣ ರಾಜ್ಯಗಳ ಅಪ್ರೆಂಟಿಸ್ ತರಬೇತಿ ಮಂಡಳಿ ಚೆನ್ನೈನಲ್ಲಿದೆ, ವ್ಯವಹಾರ ಪೋರ್ಟಲ್ ಮೂಲಕ.

ಇದರ ಬೆಲೆ ಕಾಗದಪತ್ರ. ಒಪ್ಪಂದ ಸಮಯಕ್ಕೆ ಪೋರ್ಟಲ್‌ಗೆ ಏರದಿದ್ದರೆ, ಹಾಜರಿ ತಿಂಗಳುತಿಂಗಳು ತುಂಬದಿದ್ದರೆ, ಸರಕಾರದ ಪಾಲು ಸಿಕ್ಕಿಹಾಕಿಕೊಳ್ಳುತ್ತದೆ. ಸಂಬಳ ಮಾಡುವವರಲ್ಲಿ ಒಬ್ಬರಿಗೆ ಇದರ ಹೊಣೆ ಕಟ್ಟಿಬಿಡಿ.

ಒಂದು ಸೆಮಿಸ್ಟರ್ ಮೊದಲೇ ಯೋಚಿಸಬಲ್ಲ ಕಂಪನಿಗೆ ಇಂಟರ್ನ್‌ಶಿಪ್ ಇನ್ನೂ ಅಗ್ಗ. ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಎಸ್‌ಡಿಎಂ, ಐಐಐಟಿ, ಗದಗದ ತೋಂಟದಾರ್ಯ, ಹಾವೇರಿಯ ಸರಕಾರಿ ಎಂಜಿನಿಯರಿಂಗ್ ಕಾಲೇಜು, ಎಲ್ಲಕ್ಕೂ ಪ್ಲೇಸ್‌ಮೆಂಟ್ ವಿಭಾಗವಿದೆ. ಕೊನೆಯ ವರ್ಷದವರನ್ನು ಮೊದಲೇ ತೆಗೆದುಕೊಂಡರೆ ಸಂಬಳ ಶುರುವಾಗುವ ಮೊದಲೇ ಬುನಾದಿ ಕಲಿಕೆ ಮುಗಿದಿರುತ್ತದೆ, ನಿಮಗೂ ಅವರ ಕೈಗುಣ ಗೊತ್ತಾಗಿರುತ್ತದೆ. ಪರೀಕ್ಷೆ ವೇಳಾಪಟ್ಟಿ ಬಂದರೆ ಮೂರು ವಾರ ಮಾಯವಾಗುತ್ತಾರೆ, ಹಾಗಾಗಿ ಗಡುವಿನ ಕೆಲಸ ಅವರ ಮೇಲೆ ಹಾಕಬೇಡಿ.

ಬೆಂಗಳೂರಿಗೆ ಕಳಿಸಿ ಕಲಿಸುವುದು ಐದು ಜನಕ್ಕೆ ಹೊಂದುವುದಿಲ್ಲ. ಒಬ್ಬ ಸೀನಿಯರ್‌ನನ್ನು ಒಂದು ವಾರ ಕಳಿಸಿ, ಬಂದಮೇಲೆ ಅವನಿಂದ ನಾಲ್ಕು ತರಗತಿ ಮಾಡಿಸಿದರೆ ಮಾತ್ರ ಖರ್ಚು ದಕ್ಕುತ್ತದೆ.

ಭಾಷೆ ಮತ್ತು ವೇಳೆ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ತರಗತಿಯಲ್ಲಿ ಪ್ರಶ್ನೆ ಕೇಳುವುದು ಕಡಿಮೆ. "ತಿಳೀತಿಲ್ಲೋ?" ಎಂದರೆ "ಹೂನ್ರಿ ಸರ" ಎಂಬ ಉತ್ತರ ತಯಾರಿರುತ್ತದೆ. ಆ ಪ್ರಶ್ನೆಯನ್ನೇ ಕೈಬಿಟ್ಟು, "ಈಗ ನೀ ಹೇಳು, ನಾ ಕೇಳ್ತೀನಿ" ಎಂದು ಬೋರ್ಡ್ ಮಾರ್ಕರ್ ಕೈಗೆ ಕೊಡಿ. ವಿವರಣೆ, ವಾದ, ಸಂದೇಹ ಕನ್ನಡದಲ್ಲೇ ಆಗಲಿ. ಟಿಕೆಟ್, ಕಮಿಟ್ ಸಂದೇಶ (ಕೋಡ್ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ), ಕ್ಲೈಂಟ್‌ಗೆ ಮೇಲ್ ಇಂಗ್ಲಿಷ್‌ನಲ್ಲಿರಲಿ, ಅದನ್ನೂ ದಿನಕ್ಕೆ ಐದು ಸಾಲು ಬರೆಸಿ ತಿದ್ದಿ. ಇದು ಸ್ಥಳೀಯ ಕಂಪನಿ ಕೊಡಬಲ್ಲ, ವಿಡಿಯೋ ಕೊಡಲಾರದ ಅನುಕೂಲ.

ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ., ಹಾವೇರಿ 75 ಕಿ.ಮೀ. ದಿನವೂ ರೈಲು, ಬಸ್ಸಿನಲ್ಲಿ ಬಂದುಹೋಗುವವರು ತಂಡದಲ್ಲಿದ್ದರೆ ಸಂಜೆ 6ಕ್ಕೆ ಇಟ್ಟ ರಿವ್ಯೂನಲ್ಲಿ ಅವರ ಕಣ್ಣು ಗಡಿಯಾರದ ಮೇಲೆ. ಬೆಳಿಗ್ಗೆ 10:30 ಇಡಿ.

ಯಾರಿಗೆ ಯಾವುದು

ಹತ್ತು ಜನರೊಳಗಿನ ಕಂಪನಿ, ಒಬ್ಬನೇ ಸೀನಿಯರ್, ಕೈಯಲ್ಲಿ ಹಣ ಕಡಿಮೆ: ಒಮ್ಮೆಗೆ ಇಬ್ಬರೇ ಸಾಕು. ನ್ಯಾಟ್ಸ್ ಅಥವಾ ಇಂಟರ್ನ್, ಬುನಾದಿಗೆ ಎನ್‌ಪಿಟಿಇಎಲ್, ದಿನಕ್ಕೆ ಒಂದು ತಾಸು ರಿವ್ಯೂ. ಮೂರು ತಿಂಗಳ ಬದಲು ಐದು ತಿಂಗಳು ಹಿಡಿಯುತ್ತದೆ ಎಂದು ಒಪ್ಪಿಕೊಂಡೇ ಶುರುಮಾಡಿ. 25-40 ಜನರಿದ್ದು ಗಡುವು ಹತ್ತಿರವಿದ್ದರೆ ಇಬ್ಬರು ಸೀನಿಯರ್‌ಗಳ ಕಾಲು ಭಾಗ ಕೆಲಸ ಬಿಡಿಸಿ, ಒಬ್ಬರಿಗೆ ಮೂವರು, ಇನ್ನೊಬ್ಬರಿಗೆ ಇಬ್ಬರು. ಟೂಲ್‌ಗೆ ಚಂದಾ ಕೋರ್ಸ್. ಟ್ರೇನರ್ ಬೇಡ. ತಂಡಕ್ಕೇ ಗೊತ್ತಿಲ್ಲದ ತಂತ್ರಜ್ಞಾನದ ಕೆಲಸ ಒಪ್ಪಿಕೊಂಡಿದ್ದರೆ ಮೊದಲು ಸೀನಿಯರ್‌ಗಳಿಗೇ ಟ್ರೇನರ್, ಆಮೇಲೆ ಅವರಿಂದ ಫ್ರೆಶರ್‌ಗಳಿಗೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ಗಾಬರಿ.

ಕಲಿತು ಹೋಗಿಬಿಡುತ್ತಾರೆ ಎಂಬ ಭಯಕ್ಕೆ ಬಾಂಡ್ ಬರೆಸಿಕೊಳ್ಳುವವರಿದ್ದಾರೆ. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಬಾಂಡ್‌ನಲ್ಲಿ ಬರೆದ ಮೊತ್ತವೇ ಸಿಗುತ್ತದೆಂದಿಲ್ಲ, ಅದರ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ. ಟ್ರೇನರ್ ಬಿಲ್, ಸೀನಿಯರ್ ತಾಸುಗಳ ಪಟ್ಟಿ ಇಲ್ಲದೆ ಎರಡು ಲಕ್ಷ ಎಂದು ಬರೆದರೆ ಅದನ್ನು ಸಮರ್ಥಿಸುವುದು ಕಷ್ಟ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಓದಿದ ಮಕ್ಕಳ ಜೀವನದ ಕಾಗದ ಅದು. ಅದರ ಬದಲು 12ನೇ ವಾರ ಮತ್ತು ಒಂದು ವರ್ಷಕ್ಕೆ ಎಷ್ಟು ಸಂಬಳ ಏರುತ್ತದೆ ಎಂಬುದನ್ನು ನೇಮಕಾತಿ ಪತ್ರದಲ್ಲೇ ಬರೆಯಿರಿ.

ಆರಿಸಿದ ದಾರಿ ಸರಿಯೋ ಎಂದು ತಿಳಿಯಲು 12 ವಾರ ಕಾಯಬೇಕಿಲ್ಲ. ಆರನೇ ವಾರದ ಶುಕ್ರವಾರ ಪ್ರತಿಯೊಬ್ಬರ ಕೊನೆಯ ಐದು ಪುಲ್ ರಿಕ್ವೆಸ್ಟ್ ತೆರೆಯಿರಿ. ಅದೇ ಬಗೆಯ ತಪ್ಪಿಗೆ ಸೀನಿಯರ್ ಮೂರು ಸಲ ಟಿಪ್ಪಣಿ ಬರೆದಿದ್ದರೆ ಬುನಾದಿಗೆ ಹೋಗಿ, ಆ ಒಂದು ವಿಷಯಕ್ಕೆ ಎರಡು ದಿನ ಕೊಡಿ. ಟಿಪ್ಪಣಿಯೇ ಇಲ್ಲದಿದ್ದರೆ ಫ್ರೆಶರ್ ಜೊತೆ ಮಾತಾಡುವ ಮೊದಲು ಸೀನಿಯರ್‌ನ ಕ್ಯಾಲೆಂಡರ್ ನೋಡಿ: ಬಿಡಿಸಿಕೊಟ್ಟ ಆ ಎರಡು ತಾಸು ಮತ್ತೆ ಯಾವ ಮೀಟಿಂಗ್‌ಗೆ ಹೋಗಿದೆ ಎಂದು ಹುಡುಕಿ, ಸೋಮವಾರದಿಂದಲೇ ವಾಪಸ್ ಬಿಡಿಸಿ.